ಖಂಡಸ್ಫುಟಿತ ಜೀರ್ಣೋದ್ಧಾರ: ಸಂಸ್ಥೆಗಳೂ ಅವುಗಳ ಸ್ವಯಂಸೇವಕರೂ

ಕರ್ನಾಟಕದ ಬಸದಿಗಳಿಗೆ ಸಂಬಂಧಿಸಿದ ದಾನಶಾಸನಗಳನ್ನು ಓದಿದವರಿಗೆ ಅವುಗಳ ದತ್ತಿಭಾಗದ ಕ್ರಮ ಪರಿಚಿತವಾದುದೇ. ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುವಾಗ ಅದು ಯಾವುದಕ್ಕೆ ಸಲ್ಲಬೇಕೆಂಬುದನ್ನು ದಾನಿಯು ಹೆಸರಿಸುತ್ತಾನೆ. ದೇವರ ಅಷ್ಟವಿಧಾರ್ಚನೆಗೆ, ಅಲ್ಲಿರುವ ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂಬ ಮೂರು ಬಾಬುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೂರನೆಯದು ಗಮನಾರ್ಹ. ಒಡೆದುದನ್ನು, ಬಿರುಕು ಬಿಟ್ಟುದನ್ನು ಸರಿಪಡಿಸುವ ವೆಚ್ಚ ದತ್ತಿಯ ದಿನವೇ ಲೆಕ್ಕಕ್ಕೆ ಬಂದಿರುತ್ತದೆ. ಹೊಸದಾಗಿ ಎದ್ದು ನಿಂತ ಕಟ್ಟಡವೂ ಒಂದು ದಿನ ಸವೆಯುತ್ತದೆ, ಅಲ್ಲಿ ವಾಸಿಸುವವರಿಗೆ ಪ್ರತಿದಿನ ಹಸಿವಾಗುತ್ತದೆ ಎಂಬ ಎರಡು ಸರಳ ಸತ್ಯಗಳನ್ನು ಆ ದಾನಿಗಳು ಒಪ್ಪಿಕೊಂಡಿದ್ದರು. ಇಂದಿನ ನಮ್ಮ ಸಾಂಸ್ಕೃತಿಕ ಸಂಸ್ಥೆಗಳ ಆಯವ್ಯಯವನ್ನು ಇದೇ ಮೂರು ಬಾಬುಗಳ ಅಡಿಯಲ್ಲಿ ಹಂಚಿ ನೋಡಿದರೆ ಅರ್ಚನೆಯ ಬಾಬು ತುಂಬಿರುವುದೂ ಉಳಿದೆರಡು ಖಾಲಿಯಾಗಿರುವುದೂ ಕಾಣುತ್ತದೆ. ವೇದಿಕೆ, ಮೆರವಣಿಗೆ, ಶಾಲು, ಹಾರ, ಫಲಕ ಇವಕ್ಕೆ ಹಣವಿದೆ. ಸಂಸ್ಥೆಯನ್ನು ಹೆಗಲ ಮೇಲೆ ಹೊತ್ತು ನಡೆಸುವ ಮನುಷ್ಯರ ಹಸಿವಿಗೂ ಸವೆತಕ್ಕೂ ಹಣವಾಗಲಿ ಯೋಚನೆಯಾಗಲಿ ಇಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಈ ಮಾತಿಗೆ ಒಳ್ಳೆಯ ನಿದರ್ಶನಗಳಾಗುತ್ತವೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಈಚಿನ ತಾಲ್ಲೂಕು. ಒಂದೆಡೆ ಸೂಳೆಕೆರೆಯ ನೀರು, ಭದ್ರಾ ಕಾಲುವೆ, ಅಡಿಕೆ ತೋಟಗಳು; ಇನ್ನೊಂದೆಡೆ ತುಂಗಭದ್ರೆಯ ದಡ; ಮತ್ತೊಂದೆಡೆ ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಬಯಲು. ಇಷ್ಟು ಭಿನ್ನವಾದ ಈ ತಾಲ್ಲೂಕುಗಳಿಗೆ ಒಂದು ಸಮಾನ ಲಕ್ಷಣವಿದೆ. ಇವುಗಳಲ್ಲಿ ವಿಶ್ವವಿದ್ಯಾಲಯವಿಲ್ಲ, ದೊಡ್ಡ ಪ್ರಕಾಶನ ಸಂಸ್ಥೆಗಳಿಲ್ಲ. ಇಲ್ಲಿ ಸಾಹಿತ್ಯಕ್ಕೂ ಇತಿಹಾಸಕ್ಕೂ ಸಂಬಂಧಿಸಿದ ಯಾವುದೇ ಸಾರ್ವಜನಿಕ ಕೆಲಸ ನಡೆದಿದ್ದರೆ ಅದು ಬಹುಮಟ್ಟಿಗೆ ಸಂಬಳವಿಲ್ಲದವರಿಂದ ನಡೆದಿದೆ: ಶಾಲಾ ಶಿಕ್ಷಕರು, ನಿವೃತ್ತ ನೌಕರರು, ಅತಿಥಿ ಉಪನ್ಯಾಸಕರು, ಅಂಗಡಿ ಇಟ್ಟುಕೊಂಡ ಕವಿಗಳು, ಕೃಷಿಕರು.

ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕವನ್ನೇ ತೆಗೆದುಕೊಳ್ಳಬಹುದು. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪರಿಷತ್ತು ಇಂದು ಮೂರು ಲಕ್ಷಕ್ಕೂ ಹೆಚ್ಚು ಸದಸ್ಯರನ್ನು ಹೊಂದಿದೆ. ದಾವಣಗೆರೆಯಲ್ಲಿ ಅದರ ಸಮ್ಮೇಳನ 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿಯೂ, ಎಪ್ಪತ್ತು ವರ್ಷಗಳ ಅನಂತರ 1992ರಲ್ಲಿ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿಯೂ ನಡೆಯಿತು. ಸಾಹಿತ್ಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಈ ಎರಡು ವರ್ಷಗಳೂ ಎರಡು ಹೆಸರುಗಳೂ ಸುಲಭವಾಗಿ ದೊರೆಯುತ್ತವೆ. ಆ ಎರಡು ಸಮ್ಮೇಳನಗಳಿಗೆ ಬಂದವರನ್ನು ನಿಲ್ದಾಣದಲ್ಲಿ ಎದುರುಗೊಂಡವರು, ಊಟಕ್ಕೆ ಎಲೆ ಹಾಕಿದವರು, ಪ್ರತಿನಿಧಿಗಳ ಪಟ್ಟಿಯನ್ನು ಕೈಯಲ್ಲಿ ಬರೆದವರು ಯಾರೆಂಬುದು ದೊರೆಯುವುದಿಲ್ಲ. ಚರಿತ್ರೆಯ ಸ್ವಭಾವವೇ ಹಾಗೆ ಎಂದು ಸುಮ್ಮನಾಗಬಹುದು. ಆದರೆ ಚರಿತ್ರೆಯು ಮರೆಯುವ ಮೊದಲೇ ಸಂಸ್ಥೆಯು ಮರೆತಿರುತ್ತದೆ ಎಂಬುದೇ ಇಲ್ಲಿನ ಆಕ್ಷೇಪ.

ತಾಲ್ಲೂಕು ಘಟಕದ ಕೆಲಸಗಳು ಹೊರಗಿನಿಂದ ಸಣ್ಣವಾಗಿ ತೋರುತ್ತವೆ. ದತ್ತಿ ಉಪನ್ಯಾಸಗಳನ್ನು ನಡೆಸುವುದು, ಶಾಲೆ ಕಾಲೇಜುಗಳಲ್ಲಿ ಕವಿಗೋಷ್ಠಿ ಏರ್ಪಡಿಸುವುದು, ಸದಸ್ಯತ್ವದ ಅರ್ಜಿಗಳನ್ನು ತುಂಬಿಸುವುದು, ರಾಜ್ಯೋತ್ಸವಕ್ಕೆ ಕೈಜೋಡಿಸುವುದು, ಸಾಧ್ಯವಾದ ವರ್ಷ ತಾಲ್ಲೂಕು ಸಮ್ಮೇಳನವನ್ನು ನಡೆಸುವುದು. ಒಂದು ದತ್ತಿ ಉಪನ್ಯಾಸದ ಹಿಂದಿನ ಶ್ರಮವನ್ನು ಬಿಡಿಸಿ ನೋಡೋಣ. ದಾನಿಯೊಬ್ಬರು ಎಂದೋ ಇಟ್ಟ ಮೂಲಧನದ ಬಡ್ಡಿಯಿಂದ ಉಪನ್ಯಾಸ ನಡೆಯಬೇಕು. ಮೂಲಧನ ಅಂದಿನದೇ, ಬಡ್ಡಿಯ ದರ ಇಳಿದಿದೆ, ಆಹ್ವಾನ ಪತ್ರಿಕೆಯ ಅಚ್ಚಿನ ದರ, ಧ್ವನಿವರ್ಧಕದ ಬಾಡಿಗೆ, ಉಪನ್ಯಾಸಕರ ಬಸ್ಸಿನ ಖರ್ಚು, ಕೇಳಲು ಬಂದವರಿಗೆ ಕೊಡುವ ಚಹಾದ ಬೆಲೆ ಇಂದಿನವು. ಈ ಎರಡರ ನಡುವಿನ ಅಂತರವನ್ನು ತುಂಬುವವರು ಕಾರ್ಯದರ್ಶಿಯೋ ಕೋಶಾಧ್ಯಕ್ಷರೋ ಆಗಿರುತ್ತಾರೆ. ಅವರು ತುಂಬಿದ ಮೊತ್ತ ಯಾವ ಲೆಕ್ಕಪತ್ರದಲ್ಲಿಯೂ ದಾನವೆಂದು ನಮೂದಾಗುವುದಿಲ್ಲ. ದತ್ತಿದಾನಿಯ ಹೆಸರನ್ನು ಪ್ರತಿವರ್ಷ ವೇದಿಕೆಯ ಮೇಲೆ ಹೇಳಲಾಗುತ್ತದೆ, ಅದು ಸರಿಯಾದುದೇ. ಪ್ರತಿವರ್ಷ ತನ್ನ ಜೇಬಿನಿಂದ ಆ ದತ್ತಿಯನ್ನು ಜೀವಂತವಾಗಿಟ್ಟ ಎರಡನೆಯ ದಾನಿಗೆ ಮಾತ್ರ ಹೆಸರಿಲ್ಲ.

ಸಮ್ಮೇಳನದ ವಿಷಯ ಬಂದಾಗ ಈ ಅಸಮತೋಲ ಇನ್ನೂ ಸ್ಪಷ್ಟವಾಗುತ್ತದೆ. ಸ್ವಾಗತ ಸಮಿತಿ, ಆಹಾರ ಸಮಿತಿ, ಮೆರವಣಿಗೆ ಸಮಿತಿ, ವೇದಿಕೆ ಸಮಿತಿ, ಸ್ಮರಣ ಸಂಚಿಕೆ ಸಮಿತಿ ಎಂದು ಕಾಗದದ ಮೇಲೆ ಹಲವು ಸಮಿತಿಗಳು ರಚನೆಯಾಗುತ್ತವೆ. ಕೆಲಸ ಮಾಡುವವರು ಎಲ್ಲ ಸಮಿತಿಗಳಲ್ಲಿಯೂ ಅದೇ ಹತ್ತು ಹದಿನೈದು ಮಂದಿ. ಆಹ್ವಾನ ಪತ್ರಿಕೆಯಲ್ಲಿ ಶಿಷ್ಟಾಚಾರದ ಪ್ರಕಾರ ಅಚ್ಚಾಗಬೇಕಾದ ಜನಪ್ರತಿನಿಧಿಗಳ, ಅಧಿಕಾರಿಗಳ ಹೆಸರುಗಳು ಪುಟಗಳನ್ನು ತುಂಬುತ್ತವೆ. ಅವುಗಳಲ್ಲಿ ಒಂದು ಬಿಟ್ಟುಹೋದರೆ ಬರುವ ಸಿಟ್ಟಿಗೆ ಉತ್ತರ ಹೇಳಬೇಕಾದವನು ಮತ್ತೆ ಅದೇ ಸ್ವಯಂಸೇವಕ. ಉದ್ಘಾಟನೆ ತಡವಾಗಿ ವಿಚಾರಗೋಷ್ಠಿಯ ಅವಧಿ ಕುಗ್ಗಿದಾಗ, ದೂರದ ಹಳ್ಳಿಯಿಂದ ಪ್ರಬಂಧ ಬರೆದುಕೊಂಡು ಬಂದ ಶಿಕ್ಷಕಿಗೆ ಐದು ನಿಮಿಷದಲ್ಲಿ ಮುಗಿಸಿರೆಂದು ಚೀಟಿ ಕೊಡುವವನೂ ಅವನೇ. ಸಂಜೆ ವಂದನಾರ್ಪಣೆಯ ಹೊತ್ತಿಗೆ ಸಭಾಂಗಣ ಬರಿದಾಗಿರುತ್ತದೆ. ದುಡಿದವರ ಹೆಸರನ್ನು ಹೇಳಲು ಕಾರ್ಯಕ್ರಮದಲ್ಲಿ ಇಟ್ಟಿರುವ ಏಕೈಕ ಘಟ್ಟ ಆ ವಂದನಾರ್ಪಣೆಯೇ ಆಗಿರುವುದು ವಿಪರ್ಯಾಸ.

ಶ್ರಮವುಳ್ಳವರಿಗೆ ನಿರ್ಧಾರದಲ್ಲಿ ಪಾಲಿದೆಯೇ ಎಂಬ ಪ್ರಶ್ನೆಯೂ ಇದೆ. ಪರಿಷತ್ತಿನ ವ್ಯವಸ್ಥೆಯಲ್ಲಿ ಜಿಲ್ಲಾ ಘಟಕದ ಅಧ್ಯಕ್ಷರನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ತಾಲ್ಲೂಕು ಘಟಕದ ಅಧ್ಯಕ್ಷರನ್ನು ಜಿಲ್ಲಾಧ್ಯಕ್ಷರು ನೇಮಿಸುತ್ತಾರೆ. ಆಡಳಿತದ ಅನುಕೂಲಕ್ಕೆ ಇದು ಸಮರ್ಥನೀಯವಿರಬಹುದು. ಆದರೆ ಇದರ ಪರಿಣಾಮವಾಗಿ ತಾಲ್ಲೂಕಿನ ಕಾರ್ಯಕರ್ತನು ತನ್ನ ಊರಿನ ಸದಸ್ಯರಿಗಿಂತ ಹೆಚ್ಚಾಗಿ ಮೇಲಿನವರಿಗೆ ಉತ್ತರದಾಯಿಯಾಗುತ್ತಾನೆ. ಜಿಲ್ಲೆಯಲ್ಲಿ ನಾಯಕತ್ವ ಬದಲಾದಾಗ ತಾಲ್ಲೂಕಿನಲ್ಲಿ ಹಲವು ವರ್ಷ ದುಡಿದವನು ಒಂದು ಪತ್ರವೂ ಇಲ್ಲದೆ ಬದಲಾಗಬಹುದು. ಅವನ ಮನೆಯ ಕಪಾಟಿನಲ್ಲಿರುವ ನಡಾವಳಿ ಪುಸ್ತಕ, ಹಳೆಯ ಆಹ್ವಾನ ಪತ್ರಿಕೆಗಳು, ಛಾಯಾಚಿತ್ರಗಳು, ಸ್ಮರಣ ಸಂಚಿಕೆಯ ಉಳಿದ ಪ್ರತಿಗಳು ಅಲ್ಲಿಯೇ ಉಳಿದು ಗೆದ್ದಲಿಗೆ ಆಹಾರವಾಗುತ್ತವೆ. ಈ ನಷ್ಟ ಸಂಶೋಧಕರದೂ ಹೌದು. ಸ್ಥಳನಾಮ, ಸ್ಥಳೀಯ ಆಚರಣೆ, ಅಪ್ರಕಟಿತ ಶಾಸನ, ಮರೆತುಹೋದ ಕೀರ್ತನಕಾರ ಅಥವಾ ಬಯಲಾಟದ ಕಲಾವಿದನ ಬಗ್ಗೆ ಮೊದಲ ಲಿಖಿತ ಮಾಹಿತಿ ಅನೇಕ ವೇಳೆ ದೊರೆಯುವುದು ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿಯೇ. ಅದನ್ನು ಸಂಪಾದಿಸಿದವನನ್ನು ಅವಮಾನಿಸಿ ಕಳುಹಿಸಿದ ಸಂಸ್ಥೆ ಮುಂದಿನ ಸಂಶೋಧನೆಯ ಒಂದು ಆಕರವನ್ನೂ ಕಳೆದುಕೊಂಡಂತೆಯೇ ಸರಿ.

ವಿದ್ವತ್ ಲೋಕವೂ ಈ ದೋಷದಿಂದ ಮುಕ್ತವಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ, ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿ, ಚಿತ್ರದುರ್ಗ ಜಿಲ್ಲೆಯ ಭಾಗವಾಗಿ ಬಂದಿವೆ. ಬೆಳಗುತ್ತಿಯ ಸಿಂದರ ಚರಿತ್ರೆಯನ್ನು ಬರೆಯಬೇಕಾದವರು ಇಂದಿಗೂ ಆ ಏಳನೆಯ ಸಂಪುಟವನ್ನು ತೆರೆಯಲೇಬೇಕು. ಪ್ರತಿ ಶಾಸನದ ತಲೆಯಲ್ಲಿ ಕಲ್ಲು ಯಾವ ಊರಿನ ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಇದೆಯೆಂಬುದು ದಾಖಲಾಗಿದೆ. ಮುಳ್ಳುಬೇಲಿಯನ್ನು ಸರಿಸಿ ಆ ಕಲ್ಲನ್ನು ತೋರಿಸಿದ ಊರಿನವನ ಹೆಸರು ಸಾಮಾನ್ಯವಾಗಿ ಇಲ್ಲ. ಅಂದಿನ ಸರ್ವೇಕ್ಷಣೆಯ ವ್ಯಾಪ್ತಿಯನ್ನು ನೆನೆದರೆ ಅದು ಕ್ಷಮ್ಯ. ಇಂದಿನ ಪಿಎಚ್.ಡಿ. ಪ್ರಬಂಧಗಳಲ್ಲಿ ಅದೇ ಪದ್ಧತಿ ಮುಂದುವರಿದಿರುವುದಕ್ಕೆ ಅಂಥ ನೆಪವಿಲ್ಲ. ಹಳ್ಳಿಯ ಹವ್ಯಾಸಿ ಅಧ್ಯಯನಕಾರನು ದ್ವಿಚಕ್ರ ವಾಹನದಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ ವೀರಗಲ್ಲು ಪ್ರಬಂಧದಲ್ಲಿ ‘ಕ್ಷೇತ್ರಕಾರ್ಯದಲ್ಲಿ ದೊರೆತ ಶಾಸನ’ವಾಗುತ್ತದೆ. ದೊರಕಿಸಿದವನು ಕರ್ಮಣಿ ಪ್ರಯೋಗದಲ್ಲಿ ಕರಗಿಹೋಗುತ್ತಾನೆ.

ವಿಚಿತ್ರವೆಂದರೆ ಆ ಶಾಸನಗಳೇ ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ರಾಜನ ಬಿರುದಾವಳಿಯ ದೀರ್ಘ ಪಟ್ಟಿಯ ಬಳಿಕ, ಎಷ್ಟೋ ಶಾಸನಗಳು ಕೊನೆಯಲ್ಲಿ ಪಾಠವನ್ನು ರಚಿಸಿದ ಕವಿಯನ್ನೂ ಬರೆದವನನ್ನೂ ಕಂಡರಿಸಿದ ರೂವಾರಿಯನ್ನೂ ಹೆಸರಿಸುತ್ತವೆ. ಹೊಯ್ಸಳ ದೇವಾಲಯಗಳ ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮನಂಥವರ ಹೆಸರು ಉಳಿದಿರುವುದರಿಂದಲೇ ನಾವು ಅವರ ಶೈಲಿಯನ್ನು ಇಂದು ಚರ್ಚಿಸಬಲ್ಲೆವು. ತಾಳೆಗರಿಯ ಲಿಪಿಕಾರರೂ ಗ್ರಂಥದ ಕೊನೆಯಲ್ಲಿ ಬೆನ್ನು ಬಾಗಿ, ಕತ್ತು ಬಗ್ಗಿ, ಕಣ್ಣು ಸೋತು ಬರೆದುದನ್ನು ಜತನದಿಂದ ಕಾಪಾಡಿರೆಂದು ಓದುಗರಿಗೆ ಬಿನ್ನಹ ಮಾಡಿಕೊಳ್ಳುತ್ತಿದ್ದರು. ತನ್ನ ದೇಹದ ದಣಿವನ್ನು ಹೇಳಿಕೊಳ್ಳುವುದು ಶ್ರದ್ಧೆಗೆ ಕುಂದೆಂದು ಅವರಿಗೆ ತೋರಿರಲಿಲ್ಲ.

ಈ ಮಾತಿಗೆ ಸಹಜವಾಗಿ ಬರುವ ಆಕ್ಷೇಪವೊಂದಿದೆ. ಸೇವೆಯೆಂಬುದು ಫಲಾಪೇಕ್ಷೆಯಿಲ್ಲದೆ ಮಾಡುವಂಥದು. ಹೆಸರನ್ನೂ ಖರ್ಚನ್ನೂ ಲೆಕ್ಕ ಹಾಕತೊಡಗಿದರೆ ಅದರ ಪಾವಿತ್ರ್ಯ ಕೆಡುತ್ತದೆ. ತಾಲ್ಲೂಕು ಮಟ್ಟದ ಸಂಸ್ಥೆಗಳು ಬಡವಾಗಿವೆ, ಅವು ಏನನ್ನು ಕೊಡಬಲ್ಲವು ಎಂಬುದು ಆ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಫಲವನ್ನು ಬಯಸದಿರುವುದು ಸೇವೆ ಮಾಡುವವನ ಧರ್ಮ. ಅದನ್ನು ಸೇವೆ ಪಡೆಯುವವನು ತನ್ನ ಹಕ್ಕೆಂದು ಉಪದೇಶಿಸತೊಡಗಿದಾಗ ಧರ್ಮವು ಲಾಭವಾಗಿ ಮಾರ್ಪಡುತ್ತದೆ. ನಿಷ್ಕಾಮತೆ ಒಬ್ಬನು ತನಗೆ ತಾನೇ ವಿಧಿಸಿಕೊಳ್ಳಬಹುದಾದ ವ್ರತ. ಇನ್ನೊಬ್ಬರ ಮೇಲೆ ಹೇರಿದಾಗ ಅದು ಬಿಟ್ಟಿ ದುಡಿಮೆ.

ಜೈನ ಆಚಾರಗ್ರಂಥಗಳು ಈ ಸಂಬಂಧವನ್ನು ಇನ್ನೂ ಸೂಕ್ಷ್ಮವಾಗಿ ಕಂಡಿವೆ. ಸೇವೆಗೆ ಅಲ್ಲಿರುವ ಪಾರಿಭಾಷಿಕ ಪದ ವೈಯಾವೃತ್ಯ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅದು ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಎಣಿಕೆಯಾಗಿದೆ. ಯಾರಿಗೆ ಈ ಸೇವೆ ಸಲ್ಲಬೇಕೆಂಬ ಹತ್ತು ಬಗೆಗಳ ಪಟ್ಟಿಯಲ್ಲಿ ಆಚಾರ್ಯ, ಉಪಾಧ್ಯಾಯರಷ್ಟೇ ಇಲ್ಲ. ಹೊಸದಾಗಿ ಕಲಿಯಲು ಬಂದ ಶೈಕ್ಷನೂ ಇದ್ದಾನೆ, ರೋಗದಿಂದ ಬಳಲಿದ ಗ್ಲಾನನೂ ಇದ್ದಾನೆ. ಅಂದರೆ ಸೇವೆಯು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವಂಥದಲ್ಲ. ಸಂಘವು ತನ್ನ ಅತ್ಯಂತ ಕಿರಿಯನಿಗೂ ಅತ್ಯಂತ ದುರ್ಬಲನಿಗೂ ಋಣಿಯಾಗಿರುತ್ತದೆ. ಶ್ರಾವಕರಿಗಾಗಿ ರತ್ನಕರಂಡಕವನ್ನು ಬರೆದ ಸಮಂತಭದ್ರರು ಗೃಹಸ್ಥರ ಶಿಕ್ಷಾವ್ರತಗಳಲ್ಲಿ ಒಂದಕ್ಕೆ ಇದೇ ಹೆಸರನ್ನು ಕೊಟ್ಟಿದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಅವರು ಹೇಳುವ ಕ್ರಮವೂ ಚಿಂತನೆಗೆ ಯೋಗ್ಯವಾಗಿದೆ. ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣ ಮೊದಲು ಬರುತ್ತದೆ. ಅನಂತರ ಸಹಧರ್ಮಿಗಳಲ್ಲಿ ವಾತ್ಸಲ್ಯ. ಎಲ್ಲಕ್ಕೂ ಕೊನೆಯಲ್ಲಿ ಪ್ರಭಾವನೆ, ಅಂದರೆ ಮಾರ್ಗದ ಮಹಿಮೆಯನ್ನು ಲೋಕಕ್ಕೆ ಪ್ರಕಾಶಪಡಿಸುವುದು. ಇಂದಿನ ಸಂಸ್ಥೆಗಳು, ಧಾರ್ಮಿಕವಾದವುಗಳನ್ನೂ ಸೇರಿಸಿಕೊಂಡು, ಪ್ರಭಾವನೆಯಿಂದ ಆರಂಭಿಸಿ ಪ್ರಭಾವನೆಯಲ್ಲಿಯೇ ಮುಗಿಸುತ್ತವೆ. ದಣಿದು ದೂರ ಸರಿಯುತ್ತಿರುವ ಕಾರ್ಯಕರ್ತನ ಮನೆಗೆ ಹೋಗಿ ಏಕೆ ಬರುತ್ತಿಲ್ಲವೆಂದು ಕೇಳುವ ಸ್ಥಿತಿಕರಣ ಯಾವ ಕಾರ್ಯಸೂಚಿಯಲ್ಲಿಯೂ ಇಲ್ಲ.

ದಾನದ ಪರಂಪರೆಯೂ ಇದೇ ಪಾಠವನ್ನು ಹೇಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಕನ್ನಡ ಲೋಕ ಹೆಮ್ಮೆಯಿಂದ ನೆನೆಯುತ್ತದೆ. ಆಕೆಯ ಹಿರಿಮೆ ಶಾಸ್ತ್ರದ ಮೇಲಿನ ಪ್ರೀತಿಯಲ್ಲಿ ಮಾತ್ರ ಇಲ್ಲ. ಶಾಸ್ತ್ರದಾನದ ಭಾರವನ್ನು ಉಳ್ಳವಳಾದ ತಾನೇ ಹೊತ್ತುದರಲ್ಲಿ ಇದೆ. ಮೂಡಬಿದಿರೆಯ ಧವಲಾದಿ ಸಿದ್ಧಾಂತ ಗ್ರಂಥಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ದಶಕಗಳ ಕಾಲ ಕೈಯಿಂದ ಕೈಗೆ ಪ್ರತಿಯಾಗುತ್ತ ಹೊರಬಂದ ಕಥೆಯೂ ಇಲ್ಲಿ ಸ್ಮರಣೀಯ. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದಾಗ, ಪ್ರತಿ ಮಾಡಿದವರ ಹೆಸರುಗಳೊಡನೆ ಆ ಕಥೆಯನ್ನು ಪೀಠಿಕೆಯಲ್ಲಿ ನಿರೂಪಿಸಲಾಯಿತು. ಆದುದರಿಂದಲೇ ಗಜಪತಿ ಉಪಾಧ್ಯಾಯರೂ ಅವರಿಗೆ ನೆರವಾದ ಪತ್ನಿ ಲಕ್ಷ್ಮೀಬಾಯಿಯವರೂ ಆ ಮಹಾಗ್ರಂಥದ ಚರಿತ್ರೆಯ ಒಳಗೆ ಉಳಿದಿದ್ದಾರೆ. ಹೆಸರಿಸಲು ಬೇಕಾದುದು ಹಣವಲ್ಲ, ಕೆಲವು ಸಾಲುಗಳ ಜಾಗ.

‘ಸ್ವಯಂಸೇವೆ’ ಎಂಬ ಪದವನ್ನು ಪ್ರಭುತ್ವವೂ ತನ್ನ ಅನುಕೂಲಕ್ಕೆ ಬಳಸಿಕೊಂಡಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು ದಾಖಲೆಯಲ್ಲಿ ಗೌರವ ಸ್ವಯಂಸೇವಕಿಯರು. ಜಗಳೂರಿನ ಹಟ್ಟಿಯಲ್ಲಿಯಾಗಲಿ ನ್ಯಾಮತಿಯ ತಾಂಡಾದಲ್ಲಿಯಾಗಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವ, ಮಗುವಿನ ಲಸಿಕೆಯ ದಿನವನ್ನು ನೆನಪಿಡುವ ಆಕೆಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ ಮತ್ತು ಗೌರವಧನ. 2025ರ ಜನವರಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದುದು ನಿಶ್ಚಿತ ಮಾಸಿಕ ಆದಾಯದ ಭರವಸೆಗಾಗಿ. ಅಂಗನವಾಡಿ ನೌಕರರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ಅವರು ಉಪದಾನಕ್ಕೆ ಅರ್ಹರೆಂದು ತೀರ್ಪು ನೀಡಿತು. ‘ಗೌರವ’ ಎಂಬ ವಿಶೇಷಣ ದುಡಿಮೆಯ ಸ್ವರೂಪವನ್ನು ಮರೆಮಾಡಲಾರದು ಎಂಬುದೇ ಅದರ ಇಂಗಿತ. ಸಾಹಿತ್ಯ ಸಂಸ್ಥೆಯ ಕಾರ್ಯದರ್ಶಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಬ್ಬನಿಗೆ ಅದು ಬಿಡುವಿನ ಶ್ರದ್ಧೆ, ಇನ್ನೊಬ್ಬಳಿಗೆ ಬದುಕು. ಆದರೂ ಎರಡೂ ಕಡೆ ನಡೆಯುವುದು ಒಂದೇ ತರ್ಕ: ಕೆಲಸ ಪವಿತ್ರವಾದುದು, ಆದ್ದರಿಂದ ಕೇಳಬಾರದು.

ಸ್ವಯಂಸೇವಕರ ಪರವಾಗಿ ಮಾತನಾಡುವಾಗ ಅವರ ದೋಷಗಳನ್ನು ಮುಚ್ಚಿಡುವುದೂ ಸಲ್ಲದು. ಎಷ್ಟೋ ಊರುಗಳಲ್ಲಿ ದುಡಿದವನೇ ಒಡೆಯನಾಗಿಬಿಡುತ್ತಾನೆ. ‘ನಾನಿಲ್ಲದಿದ್ದರೆ ಇದು ನಡೆಯುವುದಿಲ್ಲ’ ಎಂಬ ಮಾತು ಮೊದಲು ದೂರಾಗಿ ಬಂದು ಕ್ರಮೇಣ ಗರ್ವವಾಗುತ್ತದೆ. ಹೊಸಬರಿಗೆ, ಅದರಲ್ಲಿಯೂ ಯುವ ಬರಹಗಾರ್ತಿಯರಿಗೆ, ಕುರ್ಚಿ ಜೋಡಿಸುವ, ಸ್ವಾಗತಕ್ಕೆ ಆರತಿ ಹಿಡಿಯುವ ಕೆಲಸ ಸಿಗುತ್ತದೆಯೇ ಹೊರತು ವಿಷಯ ನಿರ್ಧರಿಸುವ ಸಭೆಗೆ ಆಹ್ವಾನ ಸಿಗುವುದಿಲ್ಲ. ಆದರೆ ಈ ದೋಷದ ಬೇರೂ ಸಂಸ್ಥೆಯ ಉಪೇಕ್ಷೆಯಲ್ಲಿಯೇ ಇದೆ. ವಿಶ್ರಾಂತಿಯನ್ನು ಕೊಡದ, ಉತ್ತರಾಧಿಕಾರಿಯನ್ನು ಸಿದ್ಧಪಡಿಸದ ಸಂಸ್ಥೆಯಲ್ಲಿ ದಣಿದವನಿಗೆ ಉಳಿಯುವ ದಾರಿಗಳು ಎರಡೇ. ಅವನು ಬಿಟ್ಟುಹೋಗಬೇಕು, ಇಲ್ಲವೇ ಹಿಡಿದು ಕೂರಬೇಕು. ಕೃತಜ್ಞತೆ ದೊರೆಯದ ಕಡೆ ಅಧಿಕಾರವೇ ಪ್ರತಿಫಲವಾಗಿ ಬಿಡುತ್ತದೆ.

ಹಾಗಾದರೆ ಮಾಡಬೇಕಾದುದೇನು? ಸಂಬಳವನ್ನು ಯಾರೂ ಕೇಳುತ್ತಿಲ್ಲ. ಮೊದಲನೆಯದಾಗಿ, ಪ್ರತಿ ಕಾರ್ಯಕ್ರಮದ ಅಂದಾಜಿನಲ್ಲಿ ಕಾರ್ಯಕರ್ತರ ಪ್ರಯಾಣ, ಊಟ, ದೂರವಾಣಿ, ಅಂಚೆಯ ಖರ್ಚಿಗೆ ಒಂದು ಬಾಬು ಇರಬೇಕು. ಬೇಡವೆನ್ನುವವರು ಅದನ್ನು ಸಂಸ್ಥೆಗೆ ದಾನವಾಗಿ ಬರೆಯಿಸಿ ರಸೀದಿ ಪಡೆಯಲಿ. ಆಗ ಸಂಸ್ಥೆಯ ನಿಜವಾದ ದಾನಿಗಳು ಯಾರೆಂಬುದು ಲೆಕ್ಕಪತ್ರದಲ್ಲಿಯೇ ಕಾಣುತ್ತದೆ. ಎರಡನೆಯದಾಗಿ, ಸ್ಮರಣ ಸಂಚಿಕೆಯಲ್ಲಿ ಗಣ್ಯರ ಶುಭಸಂದೇಶಗಳಿಗೆ ಕೊಡುವ ಪುಟಗಳಲ್ಲಿ ಒಂದನ್ನು ಕಡಿಮೆ ಮಾಡಿ, ಯಾರು ಯಾವ ಕೆಲಸ ಮಾಡಿದರೆಂಬ ಪಟ್ಟಿಯನ್ನು ಅಚ್ಚು ಹಾಕಬೇಕು. ಅಡುಗೆಯವರೂ ಪೆಂಡಾಲಿನವರೂ ಆ ಪಟ್ಟಿಯಲ್ಲಿ ಇರಬೇಕು. ಮೂರನೆಯದಾಗಿ, ತಾಲ್ಲೂಕಿನ ಕಾರ್ಯಕ್ರಮ ಯಾವುದು, ಯಾವ ದಿನ, ಯಾರ ಅಧ್ಯಕ್ಷತೆ ಎಂಬುದನ್ನು ಅದನ್ನು ನಡೆಸುವವರ ಸಭೆಯಲ್ಲಿಯೇ ನಿರ್ಧರಿಸಬೇಕು. ನಾಲ್ಕನೆಯದಾಗಿ, ಹುದ್ದೆಯಿಂದ ಇಳಿಯುವ ಕ್ರಮವೂ ಏರುವ ಕ್ರಮದಷ್ಟೇ ಗೌರವದ್ದಾಗಿರಬೇಕು. ನಡಾವಳಿಗಳನ್ನೂ ಸಂಚಿಕೆಗಳನ್ನೂ ಒಪ್ಪಿಸಿಕೊಂಡು, ಅವುಗಳ ಒಂದು ಪ್ರತಿಯನ್ನು ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇರಿಸಿ, ಹಿಂದಿನವನಿಗೆ ಸಂಸ್ಥೆಯ ಕಾಗದದಲ್ಲಿ ಒಂದು ಪತ್ರ ಬರೆಯುವುದು ಕಷ್ಟದ ಕೆಲಸವೇನಲ್ಲ. ನ್ಯಾಮತಿಯಂಥ ಹೊಸ ತಾಲ್ಲೂಕಿನಲ್ಲಿ ಇಂಥ ಪದ್ಧತಿಗಳನ್ನು ಆರಂಭದಲ್ಲಿಯೇ ಹಾಕುವುದು ಸುಲಭ. ಕೆಟ್ಟ ರೂಢಿಗಳು ಅಲ್ಲಿ ಇನ್ನೂ ಗಟ್ಟಿಯಾಗಿರಲಾರವು.

ಸಂಶೋಧಕರ ಪಾಲಿನ ಕರ್ತವ್ಯ ಇನ್ನೂ ಚಿಕ್ಕದು, ಇನ್ನೂ ಸುಲಭದ್ದು. ಶಾಸನವನ್ನು ತೋರಿಸಿದವರ, ಹಸ್ತಪ್ರತಿಯನ್ನು ಕೊಟ್ಟವರ, ಹಾಡನ್ನು ಹಾಡಿದವರ ಹೆಸರು, ಅವರು ಒಪ್ಪಿದರೆ, ಕೃತಜ್ಞತೆಯ ಪುಟದಲ್ಲಿ ಮಾತ್ರವಲ್ಲದೆ ಆ ಮಾಹಿತಿ ಬರುವ ಸ್ಥಳದಲ್ಲಿಯೇ ಇರಬೇಕು. ಪ್ರಬಂಧ ಮುಗಿದ ಮೇಲೆ ಅದರ ಒಂದು ಪ್ರತಿ ಆ ಊರಿಗೆ ತಲುಪಬೇಕು. ಇದು ಸೌಜನ್ಯ ಮಾತ್ರವಲ್ಲ, ವಿಧಾನದ ಪ್ರಶ್ನೆಯೂ ಹೌದು. ಆಕರವನ್ನು ತೋರಿಸಿದವರನ್ನು ದಾಖಲಿಸದ ಸಂಶೋಧನೆಯನ್ನು ಮುಂದಿನವರು ಹೋಗಿ ಪರಿಶೀಲಿಸಲಾರರು.

ಚನ್ನಗಿರಿಯಲ್ಲಿಯಾಗಲಿ ಜಗಳೂರಿನಲ್ಲಿಯಾಗಲಿ ಒಂದು ಸಾಹಿತ್ಯ ಘಟಕ ನಿಂತುಹೋಗುವುದು ನಿರ್ಣಯವೊಂದನ್ನು ಅಂಗೀಕರಿಸಿದ ದಿನದಂದಲ್ಲ. ಇಬ್ಬರು ಮೂವರು ಬರುವುದನ್ನು ನಿಲ್ಲಿಸುತ್ತಾರೆ. ಆ ವರ್ಷದ ದತ್ತಿ ಉಪನ್ಯಾಸ ಮುಂದೂಡಲ್ಪಡುತ್ತದೆ. ಮರುವರ್ಷ ಅದನ್ನು ಯಾರೂ ನೆನಪಿಸುವುದಿಲ್ಲ. ಫಲಕ ಮಾತ್ರ ಗೋಡೆಯ ಮೇಲೆ ಇರುತ್ತದೆ. ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ, ಮನಸ್ಸಿನ ಬಿರುಕು ಕಾಣುವುದಿಲ್ಲವೆಂಬ ಕಾರಣಕ್ಕೇ ಅದರ ಜೀರ್ಣೋದ್ಧಾರಕ್ಕೆ ಮೊದಲೇ ಬಾಬು ತೆಗೆದಿಡಬೇಕಾಗುತ್ತದೆ. ಕಲ್ಲಿನ ವಿಷಯದಲ್ಲಿ ಸಾವಿರ ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ತಿಳಿದಿದ್ದ ಈ ವಿವೇಕವನ್ನು ಮನುಷ್ಯರ ವಿಷಯದಲ್ಲಿ ಕಲಿಯಲು ಇನ್ನೂ ಕಾಯಬೇಕಾದ ಕಾರಣವಿಲ್ಲ.